ನಿಮಗಿದು ಗೊತ್ತೇ? ಎಕ್ಸೆಲ್ ಕೀಗಳ ಒಳಗುಟ್ಟು

● ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್‌ಗೆ ಮೌಸ್ ಇರಲೇ ಇಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ಬರೆದ ವಿಸಿಕ್ಯಾಲ್ಕ್‌ನಲ್ಲಿ ಎಲ್ಲವೂ ಕೀಬೋರ್ಡಿನದೇ ಕಾರುಬಾರು. ಆ ಕೀಬೋರ್ಡಿನಲ್ಲಿ ಬಾಣದ ಕೀಗಳೂ ಎರಡೇ: ಎಡಕ್ಕೊಂದು, ಬಲಕ್ಕೊಂದು. ಮೇಲೆ ಕೆಳಗೆ ಹೋಗುವುದು ಹೇಗೆ? ಸ್ಪೇಸ್ ಬಾರ್ ಒತ್ತಿದರೆ ಅವೇ ಎರಡು ಬಾಣಗಳು ಮೇಲೆ ಕೆಳಗೆ ಓಡುತ್ತಿದ್ದವು, ಇನ್ನೊಮ್ಮೆ ಒತ್ತಿದರೆ ಮತ್ತೆ ಎಡ ಬಲ. ಇಡೀ ಹಾಳೆ 63 ಕಾಲಂ, 254 ಸಾಲು. ಅಷ್ಟರಲ್ಲೇ ಅಮೆರಿಕದ ಲೆಕ್ಕಿಗರು ಮರುಳಾಗಿಬಿಟ್ಟರು.

● ವಿಸಿಕ್ಯಾಲ್ಕ್‌ನ ಒಂದು ಕೀ ನಿಮ್ಮ ಎಕ್ಸೆಲ್‌ನಲ್ಲಿ ಇಂದಿಗೂ ಬದುಕಿದೆ. ಖಾಲಿ ಸೆಲ್ ಮೇಲೆ ನಿಂತು / ಒತ್ತಿ ನೋಡಿ. ಅಕ್ಷರ ಮೂಡುವುದಿಲ್ಲ. ಬದಲಿಗೆ ಮೇಲಿನ ಮೆನುಗಳ ಮೇಲೆ ಪುಟ್ಟ ಪುಟ್ಟ ಅಕ್ಷರಗಳು ತೇಲುತ್ತವೆ. ವಿಸಿಕ್ಯಾಲ್ಕ್‌ನಲ್ಲಿ ಆದೇಶಗಳ ಬಾಗಿಲು ಈ ಗೆರೆಯೇ ಆಗಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಅದನ್ನೇ ಉಳಿಸಿಕೊಂಡಿತು. ಲೋಟಸ್ ಬಳಕೆದಾರರನ್ನು ಸೆಳೆಯಬೇಕಿದ್ದ ಮೈಕ್ರೋಸಾಫ್ಟ್ ಕೂಡ ಅದನ್ನು ಬಿಡಲಿಲ್ಲ. ಎಕ್ಸೆಲ್‌ನ ಆಯ್ಕೆಗಳ ಪುಟದ ಕೊನೆಯಲ್ಲಿ ಲೋಟಸ್ ಹೊಂದಾಣಿಕೆ ಎಂಬ ವಿಭಾಗ ಈಗಲೂ ಇದೆ.

● ಸೆಲ್ ತಿದ್ದಲು ಎಫ್‌2, ಬೇಕಾದ ಜಾಗಕ್ಕೆ ಹೋಗಲು ಎಫ್‌5, ಲೆಕ್ಕ ಮತ್ತೆ ಮಾಡಿಸಲು ಎಫ್‌9, ಡಾಲರ್ ಚಿಹ್ನೆ ಹಾಕಲು ಎಫ್‌4. ಯಾಕೆ ಇವೇ ಅಂಕಿಗಳು ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ: ಲೋಟಸ್‌ನಲ್ಲಿ ಹಾಗಿತ್ತು, ಅಷ್ಟೇ. ಇದರಲ್ಲಿ ಬೇರೆ ತರ್ಕ ಹುಡುಕಬೇಡಿ.

● ಈ ಕೀಗಳ ಹಿಂದೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದ ಜಗಳವೊಂದಿದೆ. ಬೋರ್ಲ್ಯಾಂಡ್ ಕಂಪನಿಯ ಕ್ವಾಟ್ರೋ ಪ್ರೊ ಸ್ಪ್ರೆಡ್‌ಶೀಟ್ ತನ್ನೊಳಗೆ ಲೋಟಸ್‌ನ ಮೆನು ಜೋಡಣೆಯನ್ನೇ ಇಟ್ಟಿತ್ತು, ಹಳೆಯ ಗ್ರಾಹಕರ ಬೆರಳಿನ ಅಭ್ಯಾಸ ಕೆಡದಿರಲಿ ಎಂದು. ಲೋಟಸ್ 1990ರಲ್ಲಿ ಕೃತಿಸ್ವಾಮ್ಯದ ದಾವೆ ಹೂಡಿತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ, ಮೆನುವಿನ ಆದೇಶಗಳು ಯಂತ್ರವನ್ನು ನಡೆಸುವ ಒಂದು ವಿಧಾನ, ಅದಕ್ಕೆ ಕೃತಿಸ್ವಾಮ್ಯ ಸಲ್ಲದು ಎಂದಿತು. 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಹಿಂದೆ ಸರಿದಿದ್ದರಿಂದ 4–4 ಸಮಬಲವಾಯಿತು, ಕೆಳಗಿನ ತೀರ್ಪೇ ನಿಂತಿತು. ಒಂದು ಸಾಫ್ಟ್‌ವೇರ್‌ನಲ್ಲಿ ಕಲಿತ ಶಾರ್ಟ್‌ಕಟ್ ಇನ್ನೊಂದರಲ್ಲೂ ನಡೆಯುತ್ತಿದೆ ಎಂದರೆ ಆ ನ್ಯಾಯಾಲಯಕ್ಕೂ ಒಂದು ಥ್ಯಾಂಕ್ಸ್ ಹೇಳಬೇಕು.

● ಎಕ್ಸೆಲ್ ಮೊದಲು ಬಂದದ್ದು ವಿಂಡೋಸ್‌ಗೆ ಅಲ್ಲ, ಆಪಲ್‌ನ ಮ್ಯಾಕಿಂಟೋಷ್‌ಗೆ, 1985ರಲ್ಲಿ. ವಿಂಡೋಸ್‌ಗೆ ಬಂದದ್ದು 1987ರಲ್ಲಿ.

● ಕಂಟ್ರೋಲ್ ಜೊತೆ ಒತ್ತುವ ಝಡ್, ಎಕ್ಸ್, ಸಿ, ವಿ ನಾಲ್ಕೂ ಕೀಬೋರ್ಡಿನ ಕೆಳಸಾಲಿನಲ್ಲಿ ಒಟ್ಟಿಗೆ ಕೂತಿವೆ. ಎಡಗೈ ಇವುಗಳ ಮೇಲಿದ್ದರೆ ಬಲಗೈ ಮೌಸ್ ಬಿಡಬೇಕಿಲ್ಲ. ಕಟ್, ಕಾಪಿ, ಪೇಸ್ಟ್ ಎಂಬ ಪದ್ಧತಿಯನ್ನು ಝೆರಾಕ್ಸ್ ಸಂಶೋಧನಾಲಯದಲ್ಲಿ ರೂಪಿಸಿ ಆಮೇಲೆ ಆಪಲ್‌ಗೆ ಹೋದವರು ಲ್ಯಾರಿ ಟೆಸ್ಲರ್. ಅಂದರೆ ಅತಿ ಹೆಚ್ಚು ಬಳಕೆಯಲ್ಲಿರುವ ಈ ಶಾರ್ಟ್‌ಕಟ್‌ಗಳು ಮೌಸ್‌ನ ವೈರಿಗಳಲ್ಲ, ಅದರ ಜೊತೆಗಾರರು.

● ಕೀಬೋರ್ಡ್ ನಿಜವಾಗಿ ಎಷ್ಟು ಸಮಯ ಉಳಿಸುತ್ತದೆ? 1980ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು ಇದನ್ನು ಅಳೆದು ಪ್ರಕಟಿಸಿದರು. ಸಾಧಾರಣ ಟೈಪಿಸ್ಟ್‌ಗೆ ಒಂದು ಕೀ ಒತ್ತಲು 0.28 ಸೆಕೆಂಡ್. ಕೈಯನ್ನು ಕೀಬೋರ್ಡಿನಿಂದ ಮೌಸ್‌ಗೆ ಒಯ್ಯಲು 0.4. ಪರದೆಯ ಮೇಲೆ ಗುರಿ ಹಿಡಿಯಲು 1.1. ಕೈ ಮರಳಿ ತರಲು ಮತ್ತೆ 0.4. ಲೆಕ್ಕ ಹಾಕಿ: ಮೌಸ್‌ಗೆ 1.9 ಸೆಕೆಂಡ್, ಎರಡು ಕೀಗೆ 0.56. ಉಳಿತಾಯ ಒಂದೂವರೆ ಸೆಕೆಂಡಿಗೂ ಕಡಿಮೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಿಯಿದೆ: ಮುಂದೇನು ಮಾಡಬೇಕೆಂದು ಮನಸ್ಸು ಸಜ್ಜಾಗಲು 1.35 ಸೆಕೆಂಡ್. "ಅದ್ಯಾವ ಕೀ ಅಪ್ಪಾ..." ಎಂದು ಒಮ್ಮೆ ಚಾವಣಿ ನೋಡಿದಿರೋ, ಉಳಿದದ್ದೆಲ್ಲ ಖರ್ಚಾಯಿತು. ಬೆರಳಿಗೆ ಇಳಿದ ಶಾರ್ಟ್‌ಕಟ್ ಮಾತ್ರ ಶಾರ್ಟ್‌ಕಟ್. 200 ಶಾರ್ಟ್‌ಕಟ್‌ಗಳ ಪಟ್ಟಿಯನ್ನು ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿಕೊಂಡರೆ ಗೋಡೆಗೆ ಅಂದ, ಕೆಲಸಕ್ಕೆ ಏನೂ ಇಲ್ಲ.

● ಆಪಲ್‌ನ ಬ್ರೂಸ್ ಟೊಗ್ನಾಜಿನಿ 1989ರಲ್ಲಿ ಬರೆದದ್ದು ಇನ್ನೂ ಖಾರ: ಕೀಬೋರ್ಡೇ ವೇಗ ಎಂದು ಬಳಕೆದಾರರು ಹೇಳುತ್ತಾರೆ, ಆದರೆ ಸ್ಟಾಪ್‌ವಾಚ್ ಪ್ರತಿ ಸಲವೂ ಮೌಸ್ ವೇಗ ಎಂದು ತೋರಿಸುತ್ತದೆ ಎಂದು. ಇದು ಮೌಸ್ ಮಾರುತ್ತಿದ್ದ ಕಂಪನಿಯವರ ಮಾತು ಎಂಬುದನ್ನೂ ನೆನಪಿಡಿ. ಇಡೀ ದಿನ ಅಂಕಿಗಳ ನಡುವೆ ಇರುವವರ ಮಟ್ಟಿಗೆ ಈ ಮಾತು ಒಪ್ಪುವಂಥದ್ದಲ್ಲ. ಅಂಕಿ ಟೈಪ್ ಮಾಡುವ ಕೈ ಹೇಗೂ ಕೀಬೋರ್ಡ್ ಮೇಲೇ ಇರುತ್ತದಲ್ಲ.

● ವೇಗದ ಮಾತು ಅಲ್ಲಿಗಿರಲಿ. ಶಾರ್ಟ್‌ಕಟ್‌ಗಳ ನಿಜವಾದ ಲಾಭ ಸೆಕೆಂಡಿನಲ್ಲಿಲ್ಲ, ತಪ್ಪು ಕಣ್ಣಿಗೆ ಬೀಳುವುದರಲ್ಲಿದೆ. 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ದೇಶಗಳ ಸಾಲ ಮತ್ತು ಬೆಳವಣಿಗೆಯ ಬಗ್ಗೆ ಪ್ರಬಂಧ ಬರೆದರು. ಸರ್ಕಾರಗಳು ಖರ್ಚಿಗೆ ಕತ್ತರಿ ಹಾಕಲು ಅದನ್ನು ಆಧಾರವಾಗಿ ಹಿಡಿದವು. 2013ರಲ್ಲಿ ಥಾಮಸ್ ಹೆರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲ್ ತರಿಸಿ ನೋಡಿದರೆ, ಸರಾಸರಿಯ ಸೂತ್ರ 30ನೇ ಸಾಲಿನಿಂದ 44ಕ್ಕೇ ನಿಂತಿತ್ತು. 49ರವರೆಗೆ ಹೋಗಬೇಕಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕ್ ಐದೂ ದೇಶ ಲೆಕ್ಕದಿಂದ ಹೊರಗೆ! ಪ್ರಬಂಧದ ಮೇಲೆ ಬೇರೆ ಆಕ್ಷೇಪಗಳೂ ಇದ್ದವು, ಆದರೆ ಲೋಕ ನೆನಪಿಟ್ಟುಕೊಂಡದ್ದು ಇದನ್ನೇ. ಸೂತ್ರವಿರುವ ಸೆಲ್ ಮೇಲೆ ನಿಂತು ಎಫ್‌2 ಒತ್ತಿ. ಸೂತ್ರ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದರ ಸುತ್ತ ಬಣ್ಣದ ಚೌಕಟ್ಟು ಮೂಡುತ್ತದೆ. ಒಂದೇ ಕೀ.

● ಇಡೀ ಹಾಳೆಯ ಸೂತ್ರಗಳನ್ನು ಒಟ್ಟಿಗೆ ನೋಡಬೇಕೇ? ಕಂಟ್ರೋಲ್ ಹಿಡಿದು ` ಒತ್ತಿ. ಅದು ಎಸ್ಕೇಪ್ ಕೀ ಕೆಳಗೆ, 1ರ ಎಡಕ್ಕೆ ಇರುವ, ಯಾರೂ ಮುಟ್ಟದ ಕೀ. ಮೊತ್ತಗಳೆಲ್ಲ ಮಾಯವಾಗಿ ಸೂತ್ರಗಳು ಕಾಣುತ್ತವೆ. ಸೂತ್ರವಿರಬೇಕಾದ ಕಡೆ ಯಾರೋ ಕೈಯಿಂದ ಅಂಕಿ ಬರೆದಿದ್ದರೆ ಆಗಲೇ ಸಿಕ್ಕಿಬೀಳುತ್ತದೆ. ಸಹಕಾರ ಸಂಘದ ಲೆಕ್ಕ ನೋಡುವವರು, ಶಾಲೆಯ ಅಂಕಪಟ್ಟಿ ಪರಿಶೀಲಿಸುವವರು ಒಂದೇ ಒಂದು ಶಾರ್ಟ್‌ಕಟ್ ಕಲಿಯುವುದಾದರೆ ಇದನ್ನೇ ಕಲಿಯಲಿ ಎನ್ನುತ್ತೇನೆ. ಮತ್ತೆ ಅದನ್ನೇ ಒತ್ತಿದರೆ ಹಾಳೆ ಮೊದಲಿನಂತೆ.

● ಉದ್ದ ಸೂತ್ರದಲ್ಲಿ ಎಲ್ಲೋ ಏನೋ ಎಡವಟ್ಟಾಗಿದೆ. ಸೂತ್ರದ ಒಂದು ತುಂಡನ್ನು ಮಾತ್ರ ಗುರುತು ಮಾಡಿ ಎಫ್‌9 ಒತ್ತಿ. ಆ ತುಂಡಿನ ಉತ್ತರ ಅಲ್ಲೇ ಕಾಣುತ್ತದೆ. ನೋಡಿಯಾದ ಮೇಲೆ ಎಸ್ಕೇಪ್ ಒತ್ತಿ, ಎಂಟರ್ ಅಲ್ಲ. ಎಂಟರ್ ಒತ್ತಿದರೆ ಸೂತ್ರದ ಆ ತುಂಡು ಹೋಗಿ ಅಂಕಿಯೇ ಖಾಯಂ ಆಗಿ ಕೂರುತ್ತದೆ.

● ಕಂಟ್ರೋಲ್ ಹಿಡಿದು ಕೆಳಗಿನ ಬಾಣ ಒತ್ತಿದರೆ ಮಾಹಿತಿಯ ಕೊನೆಗೆ ಜಿಗಿತ. ಖಾಲಿ ಕಾಲಂನಲ್ಲಿ ಒತ್ತಿದರೆ ಹಾಳೆಯ ತಳಕ್ಕೇ: 10,48,576ನೇ ಸಾಲು. ಬಲಕ್ಕೆ ಒತ್ತಿದರೆ ಕೊನೆಯ ಕಾಲಂ, ಎಕ್ಸ್‌ಎಫ್‌ಡಿ, ಅಂದರೆ 16,384ನೆಯದು. 2007ಕ್ಕೆ ಮೊದಲು ಇದು 65,536 ಸಾಲು, 256 ಕಾಲಂಗೆ ಮುಗಿಯುತ್ತಿತ್ತು.

● ಆ ಹಳೆಯ ಗಡಿ 2020ರಲ್ಲಿ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಕಾಲಿಗೆ ತೊಡರಿತು. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಹಳೆಯ ಮಾದರಿಯ ಎಕ್ಸೆಲ್ ಫೈಲ್‌ಗೆ ಹೋಗುತ್ತಿದ್ದವು, ಫೈಲ್ ತುಂಬಿದ ಮೇಲೆ ಬಂದದ್ದು ಸದ್ದಿಲ್ಲದೆ ಬಿದ್ದುಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ದಿನದ ಲೆಕ್ಕದಲ್ಲೇ ಸೇರಲಿಲ್ಲ. ದೊಡ್ಡ ಫೈಲ್ ಬಂದೊಡನೆ ಕಂಟ್ರೋಲ್ ಜೊತೆ ಕೆಳಬಾಣ ಒತ್ತಿ ಕೊನೆಯ ಸಾಲಿನ ಅಂಕಿ ನೋಡುವುದು ಒಳ್ಳೆಯ ರೂಢಿ. ಅದು ಸರಿಯಾಗಿ 65,536 ಎಂದು ತೋರಿಸಿದರೆ ಗಾಬರಿಯಾಗಿ.

● ಅದೇ ಜಿಗಿತಕ್ಕೆ ಶಿಫ್ಟ್ ಸೇರಿಸಿದರೆ ಅಲ್ಲಿಯವರೆಗಿನ ಸೆಲ್‌ಗಳೆಲ್ಲ ಗುರುತಾಗುತ್ತವೆ. ಮಧ್ಯೆ ಒಂದು ಸೆಲ್ ಖಾಲಿಯಿದ್ದರೆ ಅಲ್ಲೇ ನಿಂತುಬಿಡುತ್ತದೆ ಎಂದು ಹಲವರ ದೂರು. ದೂರು ಯಾಕೆ? ನಿಮ್ಮ ಪಟ್ಟಿಯಲ್ಲಿ ಯಾರದೋ ಅಂಕ ತುಂಬಿಲ್ಲ ಎಂದು ಅದು ತಾನಾಗಿ ಹೇಳುತ್ತಿದೆ. ಮೌಸ್ ಎಳೆದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

● ಕಂಟ್ರೋಲ್ + 9 ಸಾಲನ್ನು ಅಡಗಿಸುತ್ತದೆ. ಅಡಗಿಸಿದ್ದು ಅಳಿಸಿದ್ದಲ್ಲ! 2008ರ ಸೆಪ್ಟೆಂಬರಿನಲ್ಲಿ ದಿವಾಳಿಯಾದ ಲೇಮನ್ ಬ್ರದರ್ಸ್‌ನ ಆಸ್ತಿಯನ್ನು ಬಾರ್ಕ್ಲೇಸ್ ಕೊಳ್ಳುವಾಗ, ಬೇಡವಾದ ಕರಾರುಗಳನ್ನು ಎಕ್ಸೆಲ್‌ನಲ್ಲಿ ಅಡಗಿಸಿ ಇಡಲಾಗಿತ್ತು. ರಾತ್ರೋರಾತ್ರಿ ಆ ಪಟ್ಟಿಯನ್ನು ಪಿಡಿಎಫ್ ಮಾಡುವಾಗ ಅಡಗಿದ ಸಾಲುಗಳು ಎದ್ದು ಬಂದು, ಬೇಡದ 179 ಕರಾರುಗಳೂ ಕೋರ್ಟಿಗೆ ಸಲ್ಲಿಸಿದ ಪಟ್ಟಿ ಸೇರಿದವು.

● ನಮ್ಮ ಕಚೇರಿಗಳಲ್ಲಿ ಇದರದೇ ಚಿಕ್ಕ ಆವೃತ್ತಿ ನಡೆಯುತ್ತಲೇ ಇರುತ್ತದೆ. ಸಾಲುಗಳನ್ನು ಕೈಯಿಂದ ಅಡಗಿಸಿ, ಉಳಿದದ್ದನ್ನು ಕಾಪಿ ಮಾಡಿ ಕಳಿಸುತ್ತಾರೆ. ಅಡಗಿದ್ದೂ ಜೊತೆಗೆ ಹೋಗುತ್ತದೆ, ಅದರಲ್ಲಿ ಯಾರ ಸಂಬಳವಿದೆಯೋ ಯಾರ ಫೋನ್ ನಂಬರ್ ಇದೆಯೋ. ಕಾಪಿಗೆ ಮೊದಲು ಆಲ್ಟ್ ಹಿಡಿದು ; ಒತ್ತಿ. ಕಣ್ಣಿಗೆ ಕಾಣುವ ಸೆಲ್‌ಗಳಷ್ಟೇ ಗುರುತಾಗುತ್ತವೆ.

● ಕಂಟ್ರೋಲ್ + 0 ಕಾಲಂ ಅಡಗಿಸುತ್ತದೆ, ಆದರೆ ಕಂಟ್ರೋಲ್ + ಶಿಫ್ಟ್ + 0 ಬಹಳ ಕಂಪ್ಯೂಟರುಗಳಲ್ಲಿ ಅದನ್ನು ಮರಳಿ ತರುವುದಿಲ್ಲ. ತಪ್ಪು ನಿಮ್ಮದಲ್ಲ. ಆ ಜೋಡಿಯನ್ನು ವಿಂಡೋಸ್ ಟೈಪಿಂಗ್ ಭಾಷೆ ಬದಲಿಸಲು ತನಗೇ ಇಟ್ಟುಕೊಂಡಿದೆ.

● ಭಾಷೆ ಎಂದಾಗ ನೆನಪಾಯಿತು. ಬಾಣದ ಕೀ ಒತ್ತಿದರೆ ಸೆಲ್ ಕದಲದೆ ಹಾಳೆಯೇ ಸರಿದುಹೋಗುತ್ತಿದೆಯೇ? ಕೀಬೋರ್ಡ್ ಕೆಟ್ಟಿಲ್ಲ, ಸ್ಕ್ರೋಲ್ ಲಾಕ್ ಆನ್ ಆಗಿದೆ. ಕರ್ನಾಟಕದ ಕಚೇರಿಗಳಲ್ಲಿ ಈ ಕಾಟಕ್ಕೆ ಹೆಚ್ಚಿನ ಕಾರಣವೊಂದಿದೆ: ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಅದಲು ಬದಲಾಗುವುದು ಇದೇ ಕೀಯಿಂದ. ಕನ್ನಡದಲ್ಲಿ ಹೆಸರು ತುಂಬಿ ಮುಗಿಸಿದ ಗುಮಾಸ್ತರಿಗೆ ಎಕ್ಸೆಲ್ ಹಟ ಹಿಡಿದಂತೆ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಕೀಯೇ ಇಲ್ಲದಿದ್ದರೆ ವಿಂಡೋಸ್ + ಕಂಟ್ರೋಲ್ + ಓ ಒತ್ತಿ. ಪರದೆಯ ಮೇಲೆ ಕೀಬೋರ್ಡ್ ಮೂಡುತ್ತದೆ, ಅದರಲ್ಲಿ ಸ್ಕ್ರೋಲ್ ಲಾಕ್ ಇದೆ.

● ಹಳೆಯ ನುಡಿ ಅಕ್ಷರಗಳಲ್ಲಿ ತುಂಬಿದ ಪಟ್ಟಿ ಅಕಾರಾದಿಯಾಗಿ ಜೋಡಣೆಯಾಗುವುದಿಲ್ಲ. ಒಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತ, ಹೊರಗೆ ಕನ್ನಡದ ವೇಷ. ಯೂನಿಕೋಡ್‌ನಲ್ಲಿ ತುಂಬಿದರೆ ಕಂಟ್ರೋಲ್ + ಎಫ್ ಹುಡುಕಾಟವೂ ಸಲೀಸು.

● ಕಂಟ್ರೋಲ್ ಹಿಡಿದು ; ಒತ್ತಿದರೆ ಇಂದಿನ ದಿನಾಂಕ. ಶಿಫ್ಟ್ ಕೂಡ ಸೇರಿಸಿದರೆ ಈಗಿನ ಸಮಯ. ಟುಡೇ ಸೂತ್ರ ಬರೆದರೂ ದಿನಾಂಕ ಬರುತ್ತದಲ್ಲ ಎನ್ನಬೇಡಿ. ಆವಕ ಜಾವಕ ಪಟ್ಟಿಯಲ್ಲಿ ಆ ಸೂತ್ರ ಹಾಕಿದರೆ ಕಳೆದ ವರ್ಷದ ಪತ್ರವೂ ಪ್ರತಿ ಬೆಳಿಗ್ಗೆ "ಇವತ್ತೇ ಬಂದೆ" ಎನ್ನುತ್ತದೆ. ಶಾರ್ಟ್‌ಕಟ್ ಹಾಕಿದ ದಿನಾಂಕ ಅಲುಗುವುದಿಲ್ಲ.

● ಎಕ್ಸೆಲ್‌ಗೆ ದಿನಾಂಕವೆಂದರೆ ಬರೀ ಒಂದು ಸಂಖ್ಯೆ. 01-11-1956 ಎಂದು ಬರೆದು ಕಂಟ್ರೋಲ್ + ಶಿಫ್ಟ್ + ~ ಒತ್ತಿ ನೋಡಿ: ಕನ್ನಡ ನಾಡು ಒಂದಾದ ದಿನ 20760 ಆಗುತ್ತದೆ. ಭಾರತಕ್ಕೆ ಸ್ವಾತಂತ್ರ್ಯ ಬಂದ ದಿನ 17394. ಎಣಿಕೆ ಶುರುವಾಗುವುದು 1900ರ ಜನವರಿ 1ರಿಂದ. ಅದರಲ್ಲೂ ಒಂದು ದಿನ ಸುಳ್ಳು! 1900 ಅಧಿಕ ವರ್ಷವಲ್ಲ, ಆದರೂ ಎಕ್ಸೆಲ್‌ನಲ್ಲಿ ಆ ವರ್ಷ ಫೆಬ್ರವರಿ 29 ಇದೆ. ಲೋಟಸ್‌ನಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಗೊತ್ತಿದ್ದೇ ಉಳಿಸಿಕೊಂಡರು.

● ಕಂಟ್ರೋಲ್ + ಶಿಫ್ಟ್ + 4 ಹಣದ ಚಿಹ್ನೆ ಹಾಕುತ್ತದೆ. ಕೀ ಮೇಲೆ ಡಾಲರ್ ಇದ್ದರೂ, ವಿಂಡೋಸ್‌ನ ಪ್ರಾದೇಶಿಕ ಆಯ್ಕೆ ಭಾರತ ಎಂದಿದ್ದರೆ ಬರುವುದು ₹. ಲಕ್ಷ ಕೋಟಿಯ ಅಲ್ಪವಿರಾಮವೂ ಅಲ್ಲಿಂದಲೇ. 12,34,567 ಬದಲು 1,234,567 ಎಂದು ಬರುತ್ತಿದ್ದರೆ ಎಕ್ಸೆಲ್‌ನಲ್ಲಿ ಹುಡುಕಬೇಡಿ, ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸರಿಪಡಿಸಿ. ₹ ಒಂದನ್ನೇ ಟೈಪ್ ಮಾಡಲು ಇಂಗ್ಲಿಷ್ (ಭಾರತ) ಕೀಬೋರ್ಡ್ ಆಯ್ಕೆಯಲ್ಲಿ ಕಂಟ್ರೋಲ್ + ಆಲ್ಟ್ + 4.

● ಎಫ್‌4ಕ್ಕೆ ಎರಡು ಕೆಲಸ. ಸೂತ್ರ ಬರೆಯುವಾಗ ಎಫ್1 ಎಂಬ ಸೆಲ್ ವಿಳಾಸದ ಮೇಲೆ ಒತ್ತಿದರೆ $ಎಫ್$1, ಮತ್ತೊಮ್ಮೆ ಎಫ್$1, ಇನ್ನೊಮ್ಮೆ $ಎಫ್1, ನಾಲ್ಕನೆಯದಕ್ಕೆ ಮೊದಲಿನಂತೆ. ತೆರಿಗೆಯ ದರವನ್ನು ಒಂದೇ ಸೆಲ್‌ನಲ್ಲಿಟ್ಟು ಎಲ್ಲ ಸಾಲಿಗೂ ಗುಣಿಸುವವರಿಗೆ ಇದು ಅನ್ನ ನೀರಿನಷ್ಟು ಅಗತ್ಯ. ಸೂತ್ರದ ಹೊರಗೆ ಒತ್ತಿದರೆ ಈಗಷ್ಟೇ ಮಾಡಿದ ಕೆಲಸ ಪುನಃ ಆಗುತ್ತದೆ: ಒಂದು ಸೆಲ್‌ಗೆ ಹಳದಿ ಬಳಿದಿರಾ, ಬೇರೆ ಸೆಲ್‌ಗೆ ಹೋಗಿ ಎಫ್‌4. ಲ್ಯಾಪ್‌ಟಾಪ್‌ನಲ್ಲಿ ಎಫ್‌4 ಒತ್ತಿದರೆ ಸ್ಪೀಕರ್ ಸದ್ದಡಗಿದರೆ ಎಫ್‌ಎನ್ ಕೀ ಜೊತೆ ಒತ್ತಿ.

● ಬ್ಯಾಂಕಿಂಗ್ ಲೋಕದಲ್ಲಿ ಎಫ್‌1 ಕೀಯನ್ನು ಕಿತ್ತೇ ಇಡುವವರಿದ್ದಾರೆ. ಎಸ್ಕೇಪ್‌ಗೂ ಎಫ್‌2ಗೂ ಮಧ್ಯೆ ಕೂತಿರುವ ಅದು, ಬೆರಳು ತಪ್ಪಿದಾಗಲೆಲ್ಲ ಬೇಡದ ಸಹಾಯಕ್ಕೆ ಓಡಿ ಬರುತ್ತದೆ.

● ಬಿಟ್ಟ ಸೆಲ್‌ಗಳಿಗೆಲ್ಲ ಒಂದೇ ಮಾತು ತುಂಬಬೇಕೇ? ಎಲ್ಲವನ್ನೂ ಗುರುತು ಮಾಡಿ, "ಗೈರು" ಎಂದು ಬರೆದು, ಎಂಟರ್ ಬದಲು ಕಂಟ್ರೋಲ್ + ಎಂಟರ್. ಮೇಲಿನದ್ದೇ ಕೆಳಕ್ಕೆ ಬೇಕೆಂದರೆ ಕಂಟ್ರೋಲ್ + ಡಿ, ಎಡದ್ದು ಬಲಕ್ಕೆಂದರೆ ಕಂಟ್ರೋಲ್ + ಆರ್. ಒಟ್ಟು ಮೊತ್ತಕ್ಕೆ ಆಲ್ಟ್ ಹಿಡಿದು =. ಒಂದೇ ಸೆಲ್‌ನಲ್ಲಿ ವಿಳಾಸದ ಎರಡನೇ ಸಾಲು ಬರೆಯಲು ಆಲ್ಟ್ + ಎಂಟರ್.

● ಕಂಟ್ರೋಲ್ + ಇ ಒತ್ತಿದರೆ ನಡೆಯುವ ಫ್ಲ್ಯಾಷ್ ಫಿಲ್ ಹಿಂದೆ ಐಐಟಿ ಕಾನ್ಪುರದಲ್ಲಿ ಓದಿದ ಸುಮಿತ್ ಗುಲ್ವಾನಿ ಅವರ ಸಂಶೋಧನೆಯಿದೆ. ಪ್ರಯಾಣದಲ್ಲಿ ಸಿಕ್ಕ ಮಹಿಳೆಯೊಬ್ಬರು ಹೆಸರುಗಳ ಪಟ್ಟಿ ಸರಿಪಡಿಸಲು ನೆರವು ಕೇಳಿದ್ದೇ ಇದಕ್ಕೆ ಮೂಲ. 2011ರಲ್ಲಿ ಪ್ರಬಂಧ, 2013ರ ಎಕ್ಸೆಲ್‌ನಲ್ಲಿ ಸೌಲಭ್ಯ. ಪಕ್ಕದ ಕಾಲಂನಲ್ಲಿ ಒಂದೆರಡು ಮಾದರಿ ಬರೆದು ಕಂಟ್ರೋಲ್ + ಇ ಒತ್ತಿದರೆ ಉಳಿದದ್ದನ್ನು ಅದೇ ಊಹಿಸಿ ತುಂಬುತ್ತದೆ. ಊಹೆ ಎಂಬುದು ನೆನಪಿರಲಿ. ಒಬ್ಬರು ಇನಿಷಿಯಲ್ ಹೆಸರಿನ ಮುಂದೆ, ಇನ್ನೊಬ್ಬರು ಹಿಂದೆ, ಮತ್ತೊಬ್ಬರು ಊರಿನ ಹೆಸರನ್ನೂ ಸೇರಿಸಿ ಬರೆದಿರುವ ನಮ್ಮ ಪಟ್ಟಿಗಳಲ್ಲಿ ಅದು ಮುಗ್ಗರಿಸುವುದುಂಟು. ತುಂಬಿದ ಮೇಲೆ ಕಣ್ಣಾಡಿಸಲೇಬೇಕು.

● ಆಲ್ಟ್ ಒತ್ತಿ ಬಿಟ್ಟು, ಆಮೇಲೆ ಇ, ಎಸ್, ವಿ ಎಂದು ಒಂದೊಂದಾಗಿ ಒತ್ತಿದರೆ ಸೂತ್ರ ಬಿಟ್ಟು ಬರೀ ಅಂಕಿ ಪೇಸ್ಟ್ ಮಾಡುವ ಆಯ್ಕೆ ಬರುತ್ತದೆ. ಇದು 2003ರ ಎಕ್ಸೆಲ್ ಮೆನುವಿನ ದಾರಿ. 2007ರಲ್ಲಿ ಆ ಮೆನುವೇ ಹೋಯಿತು, ದಾರಿ ಉಳಿಯಿತು! ಹಳಬರ ಬೆರಳು ಬದಲಾಗುವುದಿಲ್ಲ ಎಂದು ಮೈಕ್ರೋಸಾಫ್ಟ್‌ಗೂ ಗೊತ್ತು. ಹೊಸ ಆವೃತ್ತಿಯಿದ್ದವರಿಗೆ ಕಂಟ್ರೋಲ್ + ಶಿಫ್ಟ್ + ವಿ ಸಾಕು.

● ಎಕ್ಸೆಲ್‌ಗೂ ವಿಶ್ವ ಚಾಂಪಿಯನ್‌ಷಿಪ್ ಇದೆ. ಲಾಸ್ ವೇಗಸ್‌ನ ವೇದಿಕೆಯಲ್ಲಿ ಫೈನಲ್ಸ್, ಗೆದ್ದವರಿಗೆ ಕುಸ್ತಿಪಟುಗಳಂತೆ ಬೆಲ್ಟ್. ಆಸ್ಟ್ರೇಲಿಯದ ವಿಮಾ ಗಣಿತಜ್ಞ ಆಂಡ್ರ್ಯೂ ನಾಯ್ 2021, 2022, 2023 ಮೂರೂ ವರ್ಷ ಗೆದ್ದರು. 2024ರಲ್ಲಿ ಮೈಕೆಲ್ ಜಾರ್ಮನ್.

● ಗೂಗಲ್ ಶೀಟ್ಸ್ ಬಳಸುವವರು ಕಂಟ್ರೋಲ್ ಹಿಡಿದು / ಒತ್ತಿದರೆ ಶಾರ್ಟ್‌ಕಟ್‌ಗಳ ಪೂರ್ತಿ ಪಟ್ಟಿ ಬರುತ್ತದೆ. ಅದರ ಕೆಳಗಿರುವ ಗುಂಡಿಯೊಂದನ್ನು ಆನ್ ಮಾಡಿದರೆ ಎಕ್ಸೆಲ್‌ನ ಬಹಳಷ್ಟು ಕೀಗಳು ಅಲ್ಲೂ ನಡೆಯುತ್ತವೆ.

● ಎಕ್ಸೆಲ್ ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬಲ್ಲದು ಗೊತ್ತೇ? 2003ರವರೆಗೆ ಕಂಟ್ರೋಲ್ + ಝಡ್‌ಗೆ 16 ಹೆಜ್ಜೆ, ಅದೂ ಸೇವ್ ಮಾಡಿದ ಕೂಡಲೇ ಮರೆತುಹೋಗುತ್ತಿತ್ತು. 2007ರಿಂದ 100 ಹೆಜ್ಜೆ, ಸೇವ್ ಮಾಡಿದರೂ ನೆನಪಿರುತ್ತದೆ. ಮ್ಯಾಕ್ರೋ ಓಡಿಸಿದರೆ ಅಥವಾ ಫೈಲ್ ಮುಚ್ಚಿದರೆ ಮಾತ್ರ ಎಲ್ಲ ಅಳಿದುಹೋಗುತ್ತದೆ. ಹಾಗಾಗಿ ಮೇಲೆ ಹೇಳಿದ್ದನ್ನೆಲ್ಲ ಧೈರ್ಯವಾಗಿ ಒತ್ತಿ ನೋಡಿ. ಆದರೆ ಆಫೀಸಿನ ಅಸಲಿ ಫೈಲ್‌ನಲ್ಲಿ ಬೇಡ, ಅದರ ಒಂದು ಪ್ರತಿ ಮಾಡಿಕೊಂಡು.